ಹುಣಸೆಹುಳಿಯಲ್ಲಿ ತೊಳೆದ ಚೂರಿ

ಇಡೀ ಮಳೆಗಾಲ ನನ್ನ ಮೊಮ್ಮಗಳು ಜೋಪಾನ ಮಾಡಿ ಬೆಳೆಸಿದ ಒಂದು ಬಣ್ಣವನ್ನು ನಾನು ಚಹಾ ಆರುವುದರೊಳಗೆ ತಿಕ್ಕಿ ತೆಗೆದುಬಿಟ್ಟೆ.

ತೆಗೆದದ್ದು ಮಾತ್ರ ಅಲ್ಲ. ಆಮೇಲೆ ಗಂಧ ಹಚ್ಚಿದೆ. ಕುಂಕುಮ ಇಟ್ಟೆ. ಒಂದು ಕೆಂಪು ದಾಸವಾಳ ಇಟ್ಟು ಕೈಮುಗಿದೆ. (ತಪ್ಪನ್ನು ಇಷ್ಟು ಭಕ್ತಿಯಿಂದ ಮಾಡಿದವರನ್ನು ನೀವು ಎಲ್ಲಾದರೂ ಕಂಡಿದ್ದೀರಾ?)

ಈಗ ನೆನೆದರೆ ನಗು ಬರುತ್ತದೆ. ನಗು ಮಾತ್ರ ಅಲ್ಲ, ಎದ್ದು ಹೋಗಿ ನಾಲ್ಕು ಮನೆಗೆ ಹೇಳಿ ಬರುವ ಎಂದು ಅನಿಸುತ್ತದೆ. ದೇರೆಬೈಲಿನ ನಮ್ಮ ಓಣಿಯಲ್ಲಿ ಹೇಳಿ ಆಯಿತು. ಪಡೀಲಿನಲ್ಲಿರುವ ತಂಗಿಗೆ ಫೋನ್ ಮಾಡಿ ಆಯಿತು. ಇನ್ನು ಉಳಿದದ್ದು ನೀವು.

ನಿಮಗೆ ನನ್ನ ವಿಷಯ ಗೊತ್ತೇ ಇದೆ. ಶಾಲೆ ಐದನೇ ಕ್ಲಾಸಿಗೆ ಮುಗಿಯಿತು, ಆಮೇಲೆ ಕಲಿತದ್ದೆಲ್ಲ ಸ್ಟೇರಿಂಗ್ ಹಿಡಿದು. ಈ ಪತ್ರಿಕೆಯ ಸಂಪಾದಕರು ನನ್ನ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟಿನಲ್ಲೇ ಕೂತು ಹೋಗುತ್ತಿದ್ದವರು. ನಾನು ದಾರಿಯುದ್ದಕ್ಕೂ ಮಾತಾಡುತ್ತಿದ್ದೆ. ನಾನು ರಿಟೈರ್ ಆದ ಮೇಲೆ ಅವರಿಗೆ ಬೇಸರ ಬಂತೋ ಏನೋ, "ಮಾತಾಡಿದ ಹಾಗೆಯೇ ಬರೆದು ಕೊಡಿ" ಎಂದು ಈ ಮೂಲೆಯನ್ನು ಕೊಟ್ಟರು. ಆದ್ದರಿಂದ ಇವತ್ತು ಮಾತು ಸ್ವಲ್ಪ ಉದ್ದ ಹೋದರೆ ಬೈಗಳು ಅವರಿಗೆ.

ಮೊಮ್ಮಗಳ ಹೆಸರು ದೀಕ್ಷಾ. ಅಪ್ಪ ಅಮ್ಮ ಗಲ್ಫಿನಲ್ಲಿ. ಅವಳು ನಮ್ಮೊಟ್ಟಿಗೆ ಇದ್ದು ಇಲ್ಲಿಯೇ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಗಾಜನ್ನು ಫ್ರೇಮಿಗೆ ಸರಿಯಾಗಿ ಅರೆದು ಕೂರಿಸುವ ಕೆಲಸ. ಒಳ್ಳೆಯ ಹುಡುಗಿ. ಒಂದೇ ಒಂದು ಹೆಸರು ಮನೆಯಲ್ಲಿ ಅವಳಿಗೆ ಅಂಟಿಕೊಂಡಿತ್ತು: ಅರ್ಧಕ್ಕೆ ಬಿಡುವವಳು.

ಭರತನಾಟ್ಯಕ್ಕೆ ಸೇರಿದಳು, ಗೆಜ್ಜೆ ತಂದ ಮರುವಾರ ಬಿಟ್ಟಳು. ಕೀಬೋರ್ಡ್ ತಂದಳು. ಈಗ ಅದರ ಮೇಲೆ ನನ್ನ ಹೆಂಡತಿ ಸುಮತಿ ಒಣಗಿದ ಬಟ್ಟೆ ಮಡಚಿ ಇಡುತ್ತಾಳೆ. ಕೇಕ್ ಮಾಡುತ್ತೇನೆ ಎಂದು ಓವನ್ ಬಂತು. ಕೇಕ್ ಬಂದದ್ದು ಕಡಿಮೆ. ಅವಳ ಅಪ್ಪ, ಅಂದರೆ ನನ್ನ ಮಗ, ಪ್ರತಿ ಶುಕ್ರವಾರ ಫೋನ್ ಮಾಡಿದಾಗ ಕೇಳುವುದು ಒಂದೇ ಮಾತು. "ಈಗ ಎಂತ ಶುರು ಮಾಡಿದ್ದಾಳೆ?" ಶುರು ಮಾಡಿದ್ದನ್ನು ಕೇಳುತ್ತಾನೆ, ಮುಗಿಸಿದ್ದನ್ನು ಕೇಳುವುದಿಲ್ಲ. ಅವಳು ನಗುತ್ತಾಳೆ. ಆದರೆ ನಕ್ಕಾದ ಮೇಲೆ ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಅದನ್ನು ನಾನು ನೋಡಿದ್ದೇನೆ.

ಹೀಗಿರುವಾಗ ಕಳೆದ ಬೇಸಿಗೆಯಲ್ಲಿ ಅವಳಿಗೆ ಚೂರಿಯ ಹುಚ್ಚು ಹಿಡಿಯಿತು.

ಹೌದು, ಚೂರಿ. ಚೂರಿ ಇಷ್ಟಪಡುವವರ ಒಂದು ಗ್ರೂಪ್ ನಮ್ಮ ಊರಿನಲ್ಲಿ ಉಂಟು ಎಂದು ನನಗೆ ಗೊತ್ತೇ ಇರಲಿಲ್ಲ. ಚೂರಿ ಹಿಡಿದವರ ಗ್ಯಾಂಗ್ ಎಂದರೆ ನಮಗೆ ನೆನಪಾಗುವುದು ಪೊಲೀಸ್ ಠಾಣೆ. ಮೊದಲ ಆದಿತ್ಯವಾರ ಅವಳ ಬೆನ್ನಿಗೇ ನಾನೂ ಹೋದೆ, ನೋಡಿಕೊಂಡು ಬರುವ ಎಂದು. ವಾಮಂಜೂರಿನಲ್ಲಿ ಇರ್ಫಾನ್ ಎಂಬವರ ಮನೆಯ ಟೆರೇಸ್. ಅವರು ಮದುವೆ ಅಡಿಗೆಯ ಕೇಟರಿಂಗ್ ಮಾಡುವವರು. ಅಲ್ಲಿ ಲವೀನಾ ಎಂಬ ಹಲ್ಲಿನ ಡಾಕ್ಟ್ರು, ಒಬ್ಬರು ಎಂಜಿನಿಯರ್, ಇನ್ನೂ ನಾಲ್ಕೈದು ಮಂದಿ. ಎಲ್ಲರೂ ಒಂದು ಟೊಮೆಟೊದ ಸುತ್ತ ತಲೆ ಬಗ್ಗಿಸಿ ನಿಂತಿದ್ದರು. ಆಪರೇಷನ್ ಥಿಯೇಟರಿನ ಹಾಗೆ.

ಟೊಮೆಟೊ ತನ್ನ ಭಾರಕ್ಕೇ ಕೊಯ್ದು ಹೋಗುತ್ತದಾ, ಒತ್ತಬೇಕಾ, ಅದು ಅವರ ಚರ್ಚೆ.

ಆಮೇಲೆ ಉಕ್ಕಿನ ವಿಷಯ ಬಂತು. ಅಲ್ಲಿ ನಾನು ಬಾಯಿ ಮುಚ್ಚಿದೆ. ಒಬ್ಬರು ಡಿ-ಟೂ ಎನ್ನುತ್ತಾರೆ. ಒಬ್ಬರು ಫೋರ್ ಫಾರ್ಟಿ ಸಿ ಎನ್ನುತ್ತಾರೆ. ಮತ್ತೊಬ್ಬರು ಪೌಡರ್ ಸ್ಟೀಲ್ ಬಿಟ್ಟರೆ ಬೇರೆ ಇಲ್ಲ ಎನ್ನುತ್ತಾರೆ. ನನಗೆ ಇದೆಲ್ಲ ಬಸ್ಸಿನ ರೂಟ್ ನಂಬರಿನ ಹಾಗೆ ಕೇಳಿಸಿತು. ಆದರೆ ಒಂದು ಮಾತ್ರ ಅರ್ಥವಾಯಿತು. ಎರಡು ಬಸ್ಸಿನ ಕಂಡಕ್ಟರುಗಳು ಟೈಮಿಂಗಿಗೆ ಜಗಳ ಮಾಡುವಾಗ ಇರುತ್ತದಲ್ಲ ಒಂದು ಉರಿ, ಅದೇ ಉರಿ ಇಲ್ಲಿಯೂ ಉಂಟು. ಪ್ರೀತಿ ಇಲ್ಲದೆ ಇಷ್ಟು ಜಗಳ ಬರುವುದಿಲ್ಲ.

ಆ ದಿನ ಸಂಜೆ ದೀಕ್ಷಾ ನಮ್ಮ ಗೇಟಿನ ಹತ್ತಿರ ಕುಕ್ಕರಗಾಲಲ್ಲಿ ಕೂತಳು.

"ಅಜ್ಜ, ಇದು ಎಲ್ಲಿಂದ ಬಂದದ್ದು?"

ಗೇಟು ಗಾಳಿಗೆ ಬಡಿಯದ ಹಾಗೆ ಅಡ್ಡ ಇಡುತ್ತಿದ್ದ ಕಬ್ಬಿಣದ ತುಂಡು ಅದು. ಬಸ್ಸಿನ ಅಡಿಯಲ್ಲಿ ಬಿಲ್ಲಿನ ಹಾಗೆ ಬಾಗಿಸಿ ಒಂದರ ಮೇಲೊಂದು ಕಟ್ಟಿದ ಉಕ್ಕಿನ ಪಟ್ಟಿಗಳಿರುತ್ತವಲ್ಲ, ನಾವು ಬಸ್ಸಿನವರು ಅದಕ್ಕೆ ಪ್ಲೇಟ್ ಎನ್ನುತ್ತೇವೆ. ನಾನು ಕೊನೆಗೆ ಓಡಿಸಿದ ಬಸ್ಸಿನಲ್ಲಿ ಒಂದು ಪ್ಲೇಟ್ ತುಂಡಾಗಿತ್ತು. ಗ್ಯಾರೇಜಿನವರು ಗುಜರಿಗೆ ಎಸೆಯುವಾಗ ನಾನು ಎತ್ತಿಕೊಂಡು ಬಂದಿದ್ದೆ. ಯಾಕೆ ಎಂದು ಕೇಳಬೇಡಿ. ಇಷ್ಟು ವರ್ಷ ನನ್ನನ್ನು ಹೊತ್ತದ್ದಲ್ಲವಾ ಅದು?

"ನನ್ನ ಬಸ್ಸಿನ ಪ್ಲೇಟ್" ಎಂದೆ.

"ಇದು ಇಎನ್ ಫಾರ್ಟಿಫೈವ್ ಇರ್ಬೇಕು ಅಜ್ಜ. ಸ್ಪ್ರಿಂಗಿನ ಉಕ್ಕು. ಇದ್ರಲ್ಲಿ ಚಂದದ ಚೂರಿ ಆಗ್ತದೆ. ನಾನು ತಗೊಳ್ಳಲಾ?"

"ಗೇಟಿಗೆ ಎಂತ ಇಡುದು ಮತ್ತೆ?" ಸುಮತಿ ಒಳಗಿನಿಂದ ಕೇಳಿದಳು.

(ನಾವು ಮನೆಯಲ್ಲಿ ಮಾತಾಡುವುದು ತುಳುವಿನಲ್ಲಿ. ಇಲ್ಲಿ ನಿಮಗಾಗಿ ಕನ್ನಡ ಮಾಡಿದ್ದೇನೆ. ಸುಮತಿಯ ಬೈಗಳು ಕನ್ನಡದಲ್ಲಿ ಸ್ವಲ್ಪ ಮೆತ್ತಗಾಗುತ್ತದೆ, ಅಷ್ಟೇ.)

ಕಮ್ಮಾರಸಾಲೆಗೆ ಹೋಗಿ, ಆಚಾರಿಯೊಟ್ಟಿಗೆ ನಿಂತು, ಅದರ ಅರ್ಧ ತುಂಡನ್ನು ಬಡಿಸಿ ತಂದಳು. ಅರೆದದ್ದು ಅವಳೇ. ಹಲಸಿನ ಮರದ ಹಿಡಿ ಹಾಕಿದ್ದೂ ಅವಳೇ. ನನ್ನ ಬಸ್ಸಿನ ಅಡಿಯಲ್ಲಿ ಕೆಸರು ತಿಂದುಕೊಂಡಿದ್ದ ಕಬ್ಬಿಣ ನಮ್ಮ ಅಡಿಗೆ ಮನೆಗೆ ಬಂತು. ನಾನು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ.

ಗ್ರೂಪಿನವರು ನೋಡಿ ಹೊಗಳಿದರು. ಹೊಗಳಿ, ಕೂಡಲೇ ಹೇಳಿದರು: ಚಂದ ಉಂಟು, ಆದರೆ ಇದು ಮಂಗಳೂರಿನ ಮಳೆಗಾಲ ದಾಟುವುದಿಲ್ಲ.

ಅದರಲ್ಲಿ ಸುಳ್ಳೇನಿದೆ? ನಮ್ಮದು ಉಪ್ಪಿನ ಗಾಳಿ. ಇಲ್ಲಿ ಗೇಟಿಗೆ ಪೇಂಟ್ ಹೊಡೆದು ಬ್ರಶ್ ತೊಳೆದು ಬರುವಾಗ ತುಕ್ಕು ಎದ್ದಿರುತ್ತದೆ. ಸ್ಟೇನ್‌ಲೆಸ್ ಅಲ್ಲದ ಉಕ್ಕು ಇಲ್ಲಿ ಎಷ್ಟು ದಿನ ಬಾಳಬಹುದು? ಆ ಚರ್ಚೆ ಎರಡು ಆದಿತ್ಯವಾರ ತಿಂದಿತು. ಯಾವ ಉಕ್ಕು ಒಳ್ಳೆಯದು ಎಂದು ಹೇಳುವ ವೀಡಿಯೊಗಳು ಬೇಕಾದಷ್ಟು ಉಂಟಂತೆ. ಆದರೆ ಆ ವೀಡಿಯೊದವರು ಯಾರಾದರೂ ಜಡಿಮಳೆಯ ಆಟಿ ತಿಂಗಳಲ್ಲಿ ನಮ್ಮ ಅಡಿಗೆ ಮನೆಯಲ್ಲಿ ನಿಂತಿದ್ದಾರಾ?

ಕೊನೆಗೆ ಡಾಕ್ಟ್ರು ಒಂದು ಪರೀಕ್ಷೆ ಇಟ್ಟರು. ಒಬ್ಬೊಬ್ಬರು ಒಂದೊಂದು ಉಕ್ಕಿನ ಚೂರಿ. ಮಳೆಗಾಲ ಇಡೀ ಮನೆಯ ಅಡಿಗೆಗೆ ಅದನ್ನೇ ಬಳಸಬೇಕು. ನೀರಲ್ಲಿ ತೊಳೆಯಬಹುದು, ಒರೆಸಬಹುದು, ಬೇಕಾದರೆ ಎಣ್ಣೆ ಹಚ್ಚಬಹುದು. ಬಾಯಿ ಮೊಂಡಾದರೆ ಮಸೆಯಬಹುದು. ಆದರೆ ಮೈಯನ್ನು ಉಜ್ಜುವ ಹಾಗಿಲ್ಲ. ನವರಾತ್ರಿ ಮುಗಿದು ವಿಜಯದಶಮಿಯ ರಜೆಗೆ ಎಲ್ಲರೂ ತಂದು ತೋರಿಸುವುದು.

ಮಗನಿಗೆ ಫೋನಿನಲ್ಲಿ ಹೇಳಿದೆ. "ಕೃಷ್ಣಾಷ್ಟಮಿಯ ಒಳಗೆ ಬಿಡ್ತಾಳೆ ನೋಡಿ ಅಪ್ಪ" ಎಂದ.

ದೀಕ್ಷಾ ಪಕ್ಕದಲ್ಲೇ ಇದ್ದಳು. ಕೇಳಿಸಿತು. ಈ ಸಲ ನಗಲಿಲ್ಲ.

ಬಿಡಲಿಲ್ಲ ಮಾರಾಯ್ರೆ. ಒಂದು ಹೊತ್ತೂ ಬಿಡಲಿಲ್ಲ. ನೀರುಳ್ಳಿ ಕೊಯ್ದರೆ ಕೂಡಲೇ ತೊಳೆದು ಒರೆಸಿ ತೆಂಗಿನೆಣ್ಣೆ ಸವರಿ ಇಡುವುದು. ಒಂದು ದಿನ ಕೆಲಸಕ್ಕೆ ಹೊರಟವಳು ಬಸ್‌ಸ್ಟಾಪಿನಿಂದ ಮಳೆಯಲ್ಲಿ ವಾಪಸ್ ಓಡಿ ಬಂದಳು. ಎಂತ ಮರೆತಳು, ಟಿಫಿನ್ನಾ, ಕೊಡೆಯಾ? ಚೂರಿ ಒರೆಸಲು ಮರೆತಿದ್ದಳಂತೆ. ಜ್ವರ ಬಂದು ಮಲಗಿದ್ದಾಗಲೂ ಕೇಳಿದ್ದು ಗಂಜಿಯ ವಿಷಯ ಅಲ್ಲ. "ಅಜ್ಜಿ, ಅದನ್ನು ಒರೆಸಿದ್ದೀರಾ?"

ಸುಮತಿಗೆ ಈ ಚೂರಿಯೇ ಹಿಡಿಸಿರಲಿಲ್ಲ. ಅವಳು ಕೂತು, ಕಾಲಲ್ಲಿ ಮಣೆ ಮೆಟ್ಟಿ, ನಿಂತ ಅಲಗಿಗೆ ಮೀನನ್ನು ಒಡ್ಡಿ ಕೊಯ್ಯುವವಳು. ಮೆಟ್ಟುಕತ್ತಿಯ ಮುಂದೆ ಅವಳಿಗೆ ಬೇರೆ ಯಾವುದೂ ಲೆಕ್ಕಕ್ಕಿಲ್ಲ.

"ಕತ್ತಿ ನಿಲ್ಬೇಕು, ಮೀನು ಬರ್ಬೇಕು" ಎಂದಳು. "ನಿನ್ನದು ಮೀನು ಮಲಗಿದೆ, ಕತ್ತಿ ಕುಣೀತದೆ."

"ಒಮ್ಮೆ ಕೊಯ್ದು ನೋಡಿ ಅಜ್ಜಿ."

ಒಮ್ಮೆ ಕೊಯ್ದಳು. ಆಮೇಲೆ ನಾವು ಇಲ್ಲದಾಗ ಕೊಯ್ಯುತ್ತಿದ್ದಳು. (ಅವಳು ಇದನ್ನು ಓದಿದರೆ ನನಗೆ ಊಟ ಇಲ್ಲ.)

ಮಳೆ ಬಲವಾದ ಹಾಗೆ ಚೂರಿಯ ಮೈಗೆ ಬಣ್ಣ ಬರಲು ಶುರುವಾಯಿತು. ಮೊದಲು ನೀರುಳ್ಳಿಯ ಕಂದು ಕಲೆ. ಬಾಳೆದಿಂಡು ಕೊಯ್ದಾಗ ಕಪ್ಪು. ಬಂಗುಡೆ ಬಂದ ದಿನ ನೀಲಿ. ಬಂಗುಡೆಯ ಬೆನ್ನಿನ ಬಣ್ಣವೇ ಉಕ್ಕಿಗೆ ಇಳಿದ ಹಾಗೆ. ಅದಕ್ಕೆ ಪಟಿನಾ ಎನ್ನುತ್ತಾರಂತೆ. ಒಳ್ಳೆಯ ಚರ್ಮ ಬಂದ ಹಾಗೆ, ಕೆಂಪು ತುಕ್ಕನ್ನು ಅದು ಒಳಗೆ ಬಿಡುವುದಿಲ್ಲವಂತೆ. ದೀಕ್ಷಾ ದಿನಕ್ಕೊಮ್ಮೆ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಅಷ್ಟಮಿ ಹೋಯಿತು. ಚೌತಿ ಹೋಯಿತು. ಮಗ ಫೋನಿನಲ್ಲಿ ಆ ವಿಷಯ ಎತ್ತುವುದನ್ನೇ ಬಿಟ್ಟ.

ಹಾಗೆ ಆಯುಧಪೂಜೆ ಬಂತು.

ಬಸ್ಸಿನವರಿಗೆ ಆಯುಧಪೂಜೆ ಎಂದರೆ ಎಂತ ಎಂದು ನಿಮಗೆ ಹೇಳಬೇಕಾಗಿಲ್ಲ. ವರ್ಷ ಇಡೀ ಕೆಸರು, ಹೊಗೆ, ಬೈಗಳು ತಿಂದ ಬಸ್ಸು ಆ ದಿನ ಮದುಮಗಳು. ಚಕ್ರದ ನಟ್ಟು ನಟ್ಟನ್ನೂ ಬಿಡದೆ ತೊಳೆಯುತ್ತೇವೆ. ರಿಟೈರ್ ಆದ ಮೇಲೂ ನನ್ನ ಕೈಗೆ ಆ ಅಭ್ಯಾಸ ಹೋಗಿಲ್ಲ. ಬಸ್ಸಿಲ್ಲ, ಅದಕ್ಕೆ ಮನೆಯಲ್ಲಿ ಅಲಗು ಇರುವುದನ್ನೆಲ್ಲ ಅಂಗಳಕ್ಕೆ ತಂದು ತೊಳೆಯುತ್ತೇನೆ. ಮೆಟ್ಟುಕತ್ತಿ, ತುರಿಮಣೆ, ಸೋಗೆ ಕಡಿಯುವ ಕತ್ತಿ, ನನ್ನ ಹಳೆಯ ಸ್ಪ್ಯಾನರುಗಳು. ಹುಣಸೆಹುಳಿ ನೆನೆಸಿಟ್ಟು, ಬೂದಿ ಹಾಕಿ, ತೆಂಗಿನ ನಾರಿನಲ್ಲಿ.

ಅವತ್ತು ಬೆಳಿಗ್ಗೆ ದೀಕ್ಷಾ ಅಂಗಡಿಗೆ ಹೋಗಿದ್ದಳು. ಅವರದ್ದೂ ಪೂಜೆ. ಅವಳ ಚೂರಿ ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿತ್ತು. ಎಲ್ಲ ಆಯುಧಗಳೂ ಅಂಗಳದಲ್ಲಿ ಬಿಸಿಲಿಗೆ ಪಳಪಳ ಎನ್ನುವಾಗ ಅದೊಂದು ಒಳಗೆ ಕಪ್ಪು ಮೋರೆ ಹಾಕಿಕೊಂಡು ಕೂರುವುದಾ?

ಉಜ್ಜಬಾರದು ಎಂಬ ಮಾತು ನನಗೆ ನೆನಪಿರಲಿಲ್ಲ ಎಂದಲ್ಲ. ಇತ್ತು. ಆದರೆ ನನ್ನ ಲೆಕ್ಕ ಹೀಗಿತ್ತು: ಮಳೆ ಹೋಯಿತು, ಪರೀಕ್ಷೆ ಮುಗಿಯಿತು. ಬಸ್ಸಿಗೆ ಮೆತ್ತಿದ ಕೆಸರೂ ದುಡಿದ ಗುರುತೇ. ಆದರೆ ಪೂಜೆಯ ದಿನ ಅದನ್ನು ತೊಳೆಯುವುದಿಲ್ಲವಾ? ದೇವರ ಮುಂದೆ ಕೆಸರು ಬಸ್ಸನ್ನು ಯಾರು ನಿಲ್ಲಿಸುತ್ತಾರೆ? ಅದೂ ಅಲ್ಲದೆ ಇದು ನನ್ನದೇ ಬಸ್ಸಿನ ತುಂಡು. ವರ್ಷ ವರ್ಷ ಇದೇ ಕೈ ತೊಳೆದ ಕಬ್ಬಿಣ.

ತಿಕ್ಕಿದೆ. ಎಂಥಾ ಹೊಳಪು ಬಂತು ಗೊತ್ತುಂಟಾ? ಅದರಲ್ಲಿ ನನ್ನ ಮೀಸೆ ಕಾಣುತ್ತಿತ್ತು. ಸುಮತಿಯನ್ನು ಕರೆದು ತೋರಿಸಿದೆ. ಅವಳೂ ತಲೆ ಆಡಿಸಿದಳು. ದೀಕ್ಷಾ ಬಂದು ನೋಡಿ ಖುಷಿ ಪಡುತ್ತಾಳೆ ಎಂದು ಅದನ್ನೇ ನಡುವಿಗೆ ಇಟ್ಟೆ.

ಸಂಜೆ ಅವಳು ಬಂದಳು. ಕೈಯಲ್ಲಿ ಅಂಗಡಿಯ ಪೂಜೆಯ ಅವಲಕ್ಕಿ ಪೊಟ್ಟಣ. ದೀಪದ ಬೆಳಕಿನಲ್ಲಿ ಚೂರಿಯನ್ನು ನೋಡಿದಳು. ಮೊದಲು ಅದು ಯಾವುದೆಂದು ಗೊತ್ತಾಗಲಿಲ್ಲ. ಆಮೇಲೆ ಹಿಡಿಯ ಮರ ಗುರುತಾಯಿತು.

"ಅಜ್ಜ, ಇದನ್ನು ಯಾರು ತೊಳೆದದ್ದು?"

"ನಾನೇ. ಹೇಗುಂಟು?"

ಅವಳು ಮೆಟ್ಟಿಲಲ್ಲಿ ಕೂತಳು. ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಬೈಯಲೂ ಇಲ್ಲ. ಅವಲಕ್ಕಿಯ ಪೊಟ್ಟಣದ ನೂಲನ್ನು ಬಿಚ್ಚಿದಳು, ಮತ್ತೆ ಸುತ್ತಿದಳು.

"ನಾಳೆ ತೋರಿಸ್ಲಿಕ್ಕೆ ಇತ್ತು ಅಜ್ಜ" ಎಂದಳು. ಪೊಟ್ಟಣವನ್ನು ಬದಿಗಿಟ್ಟು, "ಹೋಗ್ಲಿ ಬಿಡಿ. ನಂದು ಯಾವಾಗ್ಲೂ ಹೀಗೆಯೇ ಅಲ್ವಾ? ಅರ್ಧಕ್ಕೆ."

ಆ ಮಾತು ನನ್ನನ್ನು ಕೊಯ್ದಷ್ಟು ಯಾವ ಡಿ-ಟೂ ಕೂಡ ಕೊಯ್ಯಲಿಕ್ಕಿಲ್ಲ.

ಅವಳು ಅರ್ಧಕ್ಕೆ ಬಿಟ್ಟದ್ದಲ್ಲ. ಒಮ್ಮೆ, ಒಂದೇ ಒಂದು ಸಲ, ಕೊನೆಯ ಸ್ಟಾಪಿನವರೆಗೆ ಬಂದಿದ್ದಳು. ಇಳಿಯುವ ಮೊದಲು ಬಸ್ಸನ್ನೇ ತಿರುಗಿಸಿದ್ದು ನಾನು.

"ಉಜ್ಜದೆ ಬಿಟ್ರೆ ಹುಳಿ ತಾಗಿದಲ್ಲಿ ಬಣ್ಣ ಬರ್ತದೆ ಅಂತ ನೀನೇ ಹೇಳಿದ್ದಿ" ಎಂದೆ. "ಹಿತ್ತಿಲಲ್ಲಿ ಅಂಬಟೆ ಉಂಟು. ಈ ಚೂರಿಯಲ್ಲೇ ರಾಶಿ ಕೊಯ್ಯುವ. ಬೆಳಿಗ್ಗೆ ಒಳಗೆ ಸ್ವಲ್ಪ ಆದ್ರೂ..."

"ಪೂಜೆಗೆ ಇಟ್ಟದ್ದಕ್ಕೆ ಕೈ ಹಾಕಿದ್ರೆ ನೋಡಿ" ಎಂದಳು ಸುಮತಿ. ಅವಳು ಹೇಳಿದ್ದು ಸರಿ. ಆ ದಿನ ಆಯುಧಕ್ಕೆ ರಜೆ. ನಮ್ಮ ಮನೆಯಲ್ಲಿ ಕೊಯ್ಯುವ ಕೆಲಸ, ತುರಿಯುವ ಕೆಲಸ ಬೆಳಿಗ್ಗೆಯೇ ಮುಗಿಸಿ, ರಾತ್ರಿ ಕಡಲೆ ಗಸಿಯಲ್ಲಿ ಸುಧಾರಿಸುವುದು. ಮರುದಿನದ ಪೂಜೆ ಆಗದೆ ಒಂದು ಮೆಣಸು ಕೂಡ ತುಂಡು ಮಾಡುವ ಹಾಗಿಲ್ಲ.

"ಬೇಡ ಅಜ್ಜ" ಎಂದಳು ದೀಕ್ಷಾ. "ಅದು ಮೇಕಪ್ ಹಾಕಿದ ಹಾಗೆ. ಅವರಿಗೆ ಸುಳ್ಳು ಹೇಳ್ಲಿಕ್ಕೆ ನನಗೆ ಮನಸ್ಸಿಲ್ಲ. ನಾನು ನಾಳೆ ಹೋಗುದಿಲ್ಲ, ಅಷ್ಟೇ."

ಬೆಳಿಗ್ಗೆ ಪೂಜೆ ಮುಗಿದ ಕೂಡಲೇ ನಾನು ಅಂಗಿ ಹಾಕಿ ನಿಂತೆ.

"ಎಲ್ಲಿಗೆ?" ಎಂದು ಕೇಳಿದಳು.

"ವಾಮಂಜೂರಿಗೆ. ನೀನು ತೋರಿಸ್ಲಿಕ್ಕೆ ಬರುದು ಬೇಡ. ನಾನು ಹೇಳ್ಲಿಕ್ಕೆ ಹೋಗ್ತೇನೆ. ನೀನು ಬಿಟ್ಟದ್ದಲ್ಲ ಅಂತ ಅಲ್ಲಿ ಯಾರಿಗಾದ್ರೂ ಗೊತ್ತಾಗ್ಬೇಕಲ್ವಾ?"

"ನಿಮಗೆ ಆ ಮನೆ ಗೊತ್ತುಂಟಾ?"

"ನನಗೆ ಗೊತ್ತಿಲ್ಲದ ಸ್ಟಾಪ್ ಉಂಟಾ ಈ ಊರಲ್ಲಿ?"

ಬಂದಳು. ಮೋರೆ ಸಣ್ಣ ಮಾಡಿಕೊಂಡೇ ಬಂದಳು. ಬಸ್ಸಿನಲ್ಲಿ ಒಂದು ಮಾತಿಲ್ಲ. ಚೂರಿಗೆ ಹಚ್ಚಿದ ಕುಂಕುಮವನ್ನು ಒರೆಸಲೂ ಇಲ್ಲ.

ಟೆರೇಸಿನಲ್ಲಿ ಚೂರಿಗಳೆಲ್ಲ ಒಂದು ಟೇಬಲಿನ ಮೇಲೆ ಸಾಲಾಗಿ ಮಲಗಿದ್ದವು. ನಮ್ಮದನ್ನು ನೋಡಿದ್ದೇ ಇರ್ಫಾನ್ ಕಣ್ಣರಳಿಸಿದರು.

"ಇದೆಂತ ಅಜ್ಜೆರೆ, ಚೂರಿಗೆ ಮದುವೆಯಾ?"

ನಾನು ನಡೆದದ್ದನ್ನು ಹೇಳಿದೆ. ಹುಣಸೆಹುಳಿಯಿಂದ ದಾಸವಾಳದವರೆಗೆ. ಒಂದನ್ನೂ ಬಿಡಲಿಲ್ಲ. ಬಸ್‌ಸ್ಟಾಪಿನಿಂದ ಓಡಿ ಬಂದದ್ದನ್ನೂ ಹೇಳಿದೆ, ಜ್ವರದಲ್ಲಿ ಕೇಳಿದ್ದನ್ನೂ ಹೇಳಿದೆ. ದೀಕ್ಷಾ ನೆಲ ನೋಡುತ್ತಿದ್ದಳು. ಎಂಜಿನಿಯರ್ "ಅಯ್ಯೋ ಪಟಿನಾ" ಎಂದು ತಲೆಗೆ ಕೈ ಇಟ್ಟರು, ಯಾರೋ ತೀರಿಕೊಂಡ ಹಾಗೆ.

"ದೀಕ್ಷಾ, ಬೇಜಾರು ಮಾಡ್ಬೇಡ" ಎಂದರು ಡಾಕ್ಟ್ರು. "ಆದ್ರೆ ತುಕ್ಕಿನ ಪರೀಕ್ಷೆಗೆ ಇದನ್ನು ತಗೊಳ್ಲಿಕ್ಕೆ ಆಗುದಿಲ್ಲ. ರೂಲ್ ರೂಲೇ."

"ಗೊತ್ತುಂಟು ಮೇಡಂ" ಎಂದಳು.

ಹಾಗೆ ಎಲ್ಲ ಮುಗಿಯಬೇಕಿತ್ತು. ಆದರೆ ಡಾಕ್ಟ್ರಿಗೆ ಒಂದು ಅಭ್ಯಾಸ. ಯಾವ ಚೂರಿ ಕೈಗೆ ಬಂದರೂ, ಹಲ್ಲು ನೋಡುವಾಗ ಹಾಕುವ ಭೂತಗನ್ನಡಿಯ ಕನ್ನಡಕ ಹಾಕಿ ನೋಡುವುದು. ಸುಮ್ಮನೆ ನೋಡಿದರು. ತಿರುಗಿಸಿ ನೋಡಿದರು. ಬಿಸಿಲಿಗೆ ಹೋಗಿ ನೋಡಿದರು.

"ಇರ್ಫಾನ್, ಇದ್ರಲ್ಲಿ ಒಂದೂ ತೂತಿಲ್ಲ."

"ಎಂತ ತೂತು?"

"ತುಕ್ಕು ತಿಂದ್ರೆ ಸಣ್ಣ ಸಣ್ಣ ಹೊಂಡ ಬೀಳ್ತದೆ. ಸೂಜಿ ಮೊನೆಯ ಹಾಗೆ. ಇದ್ರಲ್ಲಿ ಇಲ್ಲ. ಒಂದೂ ಇಲ್ಲ." ಆಮೇಲೆ ತಮ್ಮದೇ ಚೂರಿ ಎತ್ತಿಕೊಂಡರು. ಅದು ಡಿ-ಟೂ. ಅಲ್ಲಲ್ಲಿ ಕಂದು ಚುಕ್ಕೆ. "ನನ್ನದ್ರಲ್ಲಿ ಕಲೆ ಉಂಟು. ಅಡಿಯಲ್ಲಿ ಎಂತ ಉಂಟು ಅಂತ ತೊಳೀದೆ ಗೊತ್ತಾಗುದು ಹೇಗೆ?"

ಅಷ್ಟು ಓದಿದವರಿಗೂ, ಅಷ್ಟು ವೀಡಿಯೊ ನೋಡಿದವರಿಗೂ, ಐದನೇ ಕ್ಲಾಸಿನ ನನಗೂ ಆಗ ಒಟ್ಟಿಗೇ ಹೊಳೆಯಿತು. ಮೇಲಿನ ಬಣ್ಣ ನೋಡಿ ಒಳಗಿನ ತುಕ್ಕನ್ನು ಅಳೆಯಲು ನಾವೆಲ್ಲ ಹೊರಟಿದ್ದೆವು.

"ಹಾಗಾದ್ರೆ ಎಲ್ಲವನ್ನೂ ತೊಳೀಬೇಕು" ಎಂದರು ಇರ್ಫಾನ್. "ಅಜ್ಜೆರೆ, ಹುಣಸೆಹುಳಿ ಎಷ್ಟು ಹೊತ್ತು ನೆನೀಬೇಕು?"

ಕೇಟರಿಂಗಿನವರ ಮನೆಯಲ್ಲಿ ಹುಣಸೆಹುಳಿಗೆ ಬರವಾ? ಒಂದು ಡಬ್ಬವೇ ಮೇಲೆ ಬಂತು. ಸೌದೆ ಒಲೆಯ ಬೂದಿ ಬಂತು. ನಾನು ಮಣೆಯ ಮೇಲೆ ಕೂತೆ, ಲುಂಗಿ ಎತ್ತಿ ಕಟ್ಟಿದೆ. ಮುಟ್ಟಲು ಹೆದರುವಂಥ ಚೂರಿಗಳನ್ನು ಒಬ್ಬೊಬ್ಬರಾಗಿ ನನ್ನ ಮುಂದೆ ನೆಲದ ಮೇಲೆ ಇಟ್ಟರು. (ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ ಎಂದು ನಾನು ಹೇಳುವ ಮೊದಲೇ ಇರ್ಫಾನ್ ಹೇಳಿದರು. ಅವರ ಮನೆಯಲ್ಲೂ ಹಾಗೆಯೇ ಅಂತೆ.) ಎಂಜಿನಿಯರ್ ತಮ್ಮ ಪೌಡರ್ ಸ್ಟೀಲನ್ನು ಇಡುವಾಗ ಅವರ ಮೋರೆ ನೋಡಬೇಕಿತ್ತು. ಮಗುವನ್ನು ಮೊದಲ ದಿನ ಅಂಗನವಾಡಿಯಲ್ಲಿ ಬಿಟ್ಟು ಹೋಗುವವರ ಹಾಗೆ.

"ಮೆಲ್ಲ ಅಜ್ಜ."

"ಹೆದರ್ಬೇಡಿ ಮಾರಾಯ್ರೆ, ನಾನು ಇಡೀ ಬಸ್ ತೊಳೆದವ."

ತೊಳೆದ ಒಂದೊಂದನ್ನೂ ಡಾಕ್ಟ್ರು ಕನ್ನಡಕ ಹಾಕಿ ನೋಡಿದರು. ಅವರದ್ದೇ ಚೂರಿಯಲ್ಲಿ ಸಾಲು ಹೊಂಡ. ಹಲ್ಲಿನ ಡಾಕ್ಟ್ರ ಚೂರಿಗೇ ಹುಳುಕು ಎಂದು ಇರ್ಫಾನ್ ನಕ್ಕದ್ದೇ ನಕ್ಕದ್ದು. ಇರ್ಫಾನರ ಫೋರ್ ಫಾರ್ಟಿ ಸಿ ತೊಳೆಯುವವರೆಗೆ ಆ ನಗು. ಸ್ಟೇನ್‌ಲೆಸ್ ಅದು. ಮೈ ಎಲ್ಲ ಚೊಕ್ಕ. ಆದರೆ ಹಿಡಿ ಸೇರುವ ಸಂದಿಯಲ್ಲಿ ಕೆಂಪು ನೀರು ಇಳಿಯಿತು.

"ಸಿಂಕಲ್ಲೇ ಬಿಡ್ತಿದ್ರಾ?" ಎಂದು ಕೇಳಿದಳು ದೀಕ್ಷಾ. ಆ ಬೆಳಿಗ್ಗೆ ಅವಳಾಗಿಯೇ ಕೇಳಿದ ಮೊದಲ ಮಾತು.

"ಸ್ಟೇನ್‌ಲೆಸ್ ಅಲ್ವಾ, ಅದಕ್ಕೆ ಎಂತ ಆಗ್ತದೆ ಅಂತ..." ಇರ್ಫಾನ್ ತಲೆ ಕೆರೆದುಕೊಂಡರು.

ಅದೇ ಅಲ್ಲವಾ ಸಂಗತಿ? ತುಕ್ಕು ಹಿಡಿಯುತ್ತದೆ ಎಂದು ಹೆದರಿದ್ದನ್ನು ಒರೆಸಿ ಒರೆಸಿ ಇಟ್ಟೆವು. ಇದಕ್ಕೆ ಎಂತದೂ ಆಗುವುದಿಲ್ಲ ಎಂದು ನಂಬಿದ್ದನ್ನು ಸಿಂಕಿನಲ್ಲಿ ಬಿಟ್ಟೆವು. ಮನೆಯಲ್ಲಿಯೂ ಹಾ‍ಗೆ ಎಷ್ಟು ಮಂದಿಯನ್ನು ಬಿಟ್ಟಿದ್ದೇವೋ. ನಕ್ಕುಕೊಂಡೇ ಇರುವವರಿಗೆ ಎಂತ ಆಗ್ತದೆ ಎಂದು. ನನಗೆ ಬಾಗಿಲು ಹಾಕಿಕೊಳ್ಳುವ ಒಂದು ಹುಡುಗಿ ನೆನಪಾದಳು. ಅವಳು ಎದುರಿಗೇ ನಿಂತು ಬಕೆಟ್ಟಿನಿಂದ ನೀರು ಹೊಯ್ಯುತ್ತಿದ್ದಳು.

ಸುಳ್ಳು ಹೇಳಬಾರದು, ನಮ್ಮ ಚೂರಿ ಎಲ್ಲದರಲ್ಲೂ ಮೇಲೆ ಬರಲಿಲ್ಲ. ಆಮೇಲೆ ಹಗ್ಗ ಕೊಯ್ಯುವ ಸ್ಪರ್ಧೆ ಇತ್ತು. ತೆಂಗಿನ ನಾರಿನ ದಪ್ಪ ಹಗ್ಗ. ಪೌಡರ್ ಸ್ಟೀಲ್ ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು, ಮತ್ತೆ ಮತ್ತೆ ಹೋಯಿತು. ಡಾಕ್ಟ್ರ ಡಿ-ಟೂ ಹುಳುಕು ಹಲ್ಲಿನಲ್ಲೇ ಅದರ ಬೆನ್ನಿಗೆ ನಿಂತಿತು. ನಮ್ಮದು ನಡುವಿನಲ್ಲೇ ಕುಂಟಿತು. ಎಂಜಿನಿಯರ್‌ಗೆ ಜೀವ ಬಂತು. ಬರಲಿ, ಪಾಪ.

ಆದರೆ ಉಪ್ಪಿನ ಗಾಳಿಯನ್ನು ಚೊಕ್ಕ ದಾಟಿ ಬಂದ ಉಕ್ಕು ಎರಡೇ. ಅಷ್ಟು ಬೆಲೆಯ ಪೌಡರ್ ಸ್ಟೀಲ್ ಒಂದು. ನನ್ನ ಬಸ್ಸಿನ ಪ್ಲೇಟ್ ಇನ್ನೊಂದು.

ಡಾಕ್ಟ್ರು ಒಪ್ಪಲಿಲ್ಲ. ಅವರು ಸುಲಭಕ್ಕೆ ಒಪ್ಪುವವರಲ್ಲ, ಅದಕ್ಕೇ ನನಗೆ ಅವರನ್ನು ಕಂಡರೆ ಇಷ್ಟ. "ಇದು ಉಕ್ಕಿನ ಪರೀಕ್ಷೆ ಆಗ್ಲಿಲ್ಲ" ಎಂದರು. "ಇರ್ಫಾನ್ ಸಿಂಕಲ್ಲಿ ಬಿಟ್ರು. ನಾನು ಕ್ಲಿನಿಕ್ಕಿಗೆ ಹೋಗುವ ಗಡಿಬಿಡಿಯಲ್ಲಿ ಒರೆಸ್ಲಿಲ್ಲ. ಇವಳು ಜ್ವರದಲ್ಲೂ ಬಿಡ್ಲಿಲ್ಲ. ಹಾಗಾದ್ರೆ ಪಾಸ್ ಆದದ್ದು ಉಕ್ಕಾ, ದೀಕ್ಷಾನಾ?"

ನನಗೆ ಉತ್ತರ ಗೊತ್ತಿತ್ತು. ಹೇಳದೆ ಕೈಗೆ ಅಂಟಿದ ಬೂದಿಯನ್ನು ಲುಂಗಿಗೆ ಒರೆಸಿಕೊಂಡೆ.

ಇರ್ಫಾನ್ ಹೇಳಿದರು, "ಮುಂದಿನ ಮಳೆಗಾಲಕ್ಕೆ ಎಲ್ಲರೂ ಒಂದೇ ಉಕ್ಕು ತಗೊಳ್ಳುವ. ಇದೇ ಉಕ್ಕು. ಆಗ ಯಾರ ಕೈ ಹೇಗೆ ಅಂತ ಗೊತ್ತಾಗ್ತದೆ. ದೀಕ್ಷಾ, ಪ್ಲೇಟ್ ಇನ್ನೂ ಉಂಟಲ್ಲ? ನೀನೇ ಮಾಡಿ ಕೊಡ್ಬೇಕು."

"ಅರ್ಧ ಉಂಟು" ಎಂದಳು.

ಅರ್ಧ. ಆ ಶಬ್ದವನ್ನು ಅವಳ ಬಾಯಲ್ಲಿ ಅಷ್ಟು ಸಂತೋಷದಿಂದ ನಾನು ಯಾವತ್ತೂ ಕೇಳಿರಲಿಲ್ಲ. ಆ ಅರ್ಧ ಸಾಕಾಗದಿದ್ದರೆ ಗ್ಯಾರೇಜಿನಲ್ಲಿ ನನ್ನ ಗುರುತಿನವರು ಇದ್ದಾರೆ ಎಂದು ನಾನು ಸೇರಿಸಿದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಬಾಯಿ ಮುಚ್ಚಲಿಲ್ಲ. ಆಚಾರಿಯ ಹತ್ತಿರ ಯಾವಾಗ ಹೋಗುವುದು, ಹಿಡಿಗೆ ಯಾವ ಮರ, ಉಕ್ಕನ್ನು ಎಣ್ಣೆಯಲ್ಲಿ ಅದ್ದುವಾಗ ಎಷ್ಟು ಕೆಂಪಿರಬೇಕು. ನಾನು ಹೂಂ ಹೂಂ ಎಂದೆ. ಅರ್ಥವಾಗಿ ಅಲ್ಲ. ಡ್ರೈವರ್ ಮೂರು ಸಲ ಹಿಂದೆ ತಿರುಗಿ ನೋಡಿದ. ಅವನಿಗೂ ಒಂದು ಅಂಕಣ ಬರೆಯುವಷ್ಟು ಸಿಕ್ಕಿರಬೇಕು.

ಸುಮತಿಗೆ ಹೇಳಿದಾಗ ಅವಳು ಕೇಳಿದ್ದು ಇಷ್ಟೇ. "ಆ ಅರ್ಧವೂ ಹೋಗ್ತದಾ? ಗೇಟಿಗೆ ಎಂತ ಇಡುದು ಮತ್ತೆ?" ಕೇಳಿ, ಒಳಗೆ ಹೋಗಿ, ದೀಕ್ಷಾಳ ಚೂರಿಯಲ್ಲೇ ಬಂಗುಡೆ ಕೊಯ್ಯಲು ಕೂತಳು. ನಮ್ಮೆಲ್ಲರ ಎದುರೇ. ಹೊಳೆಯುವ ಮೈಯಲ್ಲಿ ಮೊದಲ ನೀಲಿ ಅವತ್ತೇ ಕಾಣಿಸಿತು.

ಶುಕ್ರವಾರ ಮಗನ ಫೋನ್ ಬಂತು. ನಾನು ಸ್ಪೀಕರಿಗೆ ಹಾಕಿದೆ.

"ಚೂರಿಯ ಪರೀಕ್ಷೆ ಎಂತ ಆಯ್ತು?" ಎಂದು ಕೇಳಿದ. ಸ್ವರದಲ್ಲಿ ಸ್ವಲ್ಪ ಹೆದರಿಕೆ ಇತ್ತು. ಅಪ್ಪನಲ್ಲವಾ, ಅವನಿಗೂ ಆಸೆ ಇರುವುದಿಲ್ಲವಾ?

ದೀಕ್ಷಾ ಹೇಳಿದಳು. ಹೇಳಿದ್ದೇ ಹೇಳಿದ್ದು.

"ಹಾಗಾದ್ರೆ ಕೊನೆವರೆಗೆ ಹೋದಿ" ಎಂದ ಮಗ. ಮತ್ತೆ ಹೇಳಿದ, "ಒಂದು ಮುಗಿಸಿದಿ ಮಾರಾಯ್ತಿ."

"ಮುಗಿಯುದು ಎಂತ ಪಪ್ಪಾ, ಈಗಲ್ವಾ ಶುರು" ಎಂದಳು ಅವಳು, ಚೂರಿಗೆ ತೆಂಗಿನೆಣ್ಣೆ ಸವರುತ್ತಾ.

ಗೇಟು ಈಗ ಗಾಳಿಗೆ ದಡದಡ ಬಡಿಯುತ್ತದೆ. ಬಡಿಯಲಿ. ಇಷ್ಟು ವರ್ಷ ಈ ಹುಡುಗಿ ಒಂದನ್ನಾದರೂ ಮುಗಿಸಲಿ ದೇವರೇ ಎಂದು ಬೇಡಿಕೊಂಡವನು ನಾನು.

ಈಗ ಬೇಡುತ್ತಿದ್ದೇನೆ: ಇದೊಂದನ್ನು ಅವಳು ಯಾವತ್ತೂ ಮುಗಿಸದಿರಲಿ.